ಎಬ್ಬಿಸಲು ಊರೆಲ್ಲ, ಮಲಗಿಸಲು ಯಾರಿಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಡೆ ಕೋಳಿಗಿಂತ ಮೊದಲು ಕೂಗುವುದು ಮೊಬೈಲು. ಫಲಿತಾಂಶ ಏರಬೇಕಲ್ಲ, ಅದಕ್ಕೆ ಮೇಷ್ಟ್ರುಗಳಿಗೆ ಇಷ್ಟಿಷ್ಟು ಮಕ್ಕಳೆಂದು ದತ್ತು ಕೊಡುವ ರೂಢಿ ರಾಜ್ಯದ ಎಷ್ಟೋ ಕಡೆ ಇದೆ. ದತ್ತು ತಂದೆಯಾದ ಮೇಷ್ಟ್ರು ನಸುಕಿನ ಐದಕ್ಕೆ ಫೋನ್ ಮಾಡಿ "ಎದ್ಯೇನಪ್ಪಾ?" ಎನ್ನುತ್ತಾರೆ. ಹುಡುಗ ಕಂಬಳಿಯೊಳಗಿಂದಲೇ "ಎದ್ದೀನಿ ಸಾರ್, ಓದ್ತಾ ಇದ್ದೀನಿ ಸಾರ್" ಎನ್ನುತ್ತಾನೆ. ಹೀಗೆ ಇಬ್ಬರೂ ತಂತಮ್ಮ ಕರ್ತವ್ಯ ಮುಗಿಸುತ್ತಾರೆ. ಈ ಉತ್ತರವನ್ನು ನಂಬದ ಮೇಷ್ಟ್ರು ಬೈಕ್ ಹತ್ತಿ ಮನೆ ಬಾಗಿಲಿಗೇ ಬರುವುದೂ ಉಂಟು. ಮೇಷ್ಟ್ರ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ. ಪಾಪ, ಅವರ ನಿದ್ದೆಯೂ ಹಾಳೇ. ನನ್ನ ತಕರಾರು ಇಷ್ಟು: ಮಗುವನ್ನು ಎಬ್ಬಿಸಲು ಅಲಾರಾಂ ಇದೆ, ಅಮ್ಮ ಇದ್ದಾಳೆ, ಗುಡಿಯ ಮೈಕಿದೆ, ವ್ಯಾನಿನ ಹಾರ್ನಿದೆ, ಸಾಲದ್ದಕ್ಕೆ ಶಿಕ್ಷಣ ಇಲಾಖೆಯೂ ಇದೆ. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ "ಮಲ್ಕೊಂಡ್ಯೇನಪ್ಪಾ?" ಎಂದು ಕೇಳುವ ಒಬ್ಬನೇ ಒಬ್ಬ ಪುಣ್ಯಾತ್ಮನನ್ನು ಈ ವ್ಯವಸ್ಥೆ ನೇಮಿಸಿಲ್ಲ. ಏಳುವುದಕ್ಕೆ ಇಷ್ಟು ಜನ ಹೊಣೆಗಾರರು, ಮಲಗುವುದಕ್ಕೆ ಒಬ್ಬರೂ ಇಲ್ಲ. ಮಕ್ಕಳ ನಿದ್ದೆ ಕೆಟ್ಟಿರುವುದು ಮಕ್ಕಳ ಸೋಮಾರಿತನದಿಂದಲ್ಲ, ಈ ಲೆಕ್ಕ ತಪ್ಪಿರುವುದರಿಂದ.

ನಮ್ಮ ಕಡೆಯ ತಾಲ್ಲೂಕುಗಳಾದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದರೆ ಒಂದೇ ಜಿಲ್ಲೆಯೊಳಗೆ ಕೂಡಿಸಿಟ್ಟ ಬೇರೆ ಬೇರೆ ಲೋಕಗಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೊದಲೆರಡು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯ ಮಡಿಲಿನಿಂದಲೇ ಎದ್ದು ತಾಲ್ಲೂಕಾಯಿತು. ಒಂದು ಕಡೆ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ; ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಮೆಕ್ಕೆಜೋಳದ ಹೊಲ. ಆದರೆ ರಾತ್ರಿ ನಿದ್ದೆಗೆಡುವುದರಲ್ಲಿ ನಾಲ್ಕಕ್ಕೂ ಒಮ್ಮತ. ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆಯ ಎಷ್ಟೋ ಅಂಗಳಗಳಲ್ಲಿ ಹೊತ್ತು ಮುಳುಗಿದ ಮೇಲೇ ಕೆಲಸ ಬಿರುಸಾಗುತ್ತದೆ: ಸುಲಿಯುವ ಯಂತ್ರದ ಗಡಗಡ, ಒಲೆ ಮೇಲೆ ಕುದಿಯುವ ಚೊಗರಿನ ವಾಸನೆ, ಖೇಣಿಯ ಲೆಕ್ಕ, ಚಹಾದ ಲೋಟಗಳು. ನಾಲೆ ನೀರಿನ ಸರದಿ ನಡುರಾತ್ರಿಗೂ ಬೀಳಬಹುದು. ಬೋರ್‌ವೆಲ್ ನಂಬಿದ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಅಪ್ಪ ಟಾರ್ಚು ಹಿಡಿದು ಹೊರಟ, ಬಾಗಿಲು ಕಿರುಗುಟ್ಟಿತು, ನಾಯಿ ಬೊಗಳಿತು, ಮಗು ಕಣ್ಣು ಬಿಟ್ಟಿತು. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಯಾರೂ ತೊಂದರೆ ಕೊಡಬಾರದೆಂದು 2011ರಲ್ಲಿ ಅಭಯಾರಣ್ಯವನ್ನೇ ಘೋಷಿಸಿದ್ದಾರೆ. ಆರನೇ ಕ್ಲಾಸಿನ ಹುಡುಗಿಗೆ ಅಂಥ ಅಧಿಸೂಚನೆ ಇನ್ನೂ ಹೊರಟಿಲ್ಲ.

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದಂತೆ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10. ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವವನಿಗೆ ಸಿಗುವುದು ಆರು. ಮಿಕ್ಕಿದ್ದನ್ನು ತಿಂದವರು ಯಾರು? ಶಾಲೆಯೇ ಎಂದು ಬೊಟ್ಟು ಮಾಡುವ ಮೊದಲು ಕಾನೂನು ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಕೇಳುತ್ತದೆ; ಭಾಗಿಸಿದರೆ ದಿನಕ್ಕೆ ನಾಲ್ಕೂವರೆ ಗಂಟೆ. ಅಷ್ಟರಲ್ಲಿ ಮುಗಿಯಬೇಕಾದ ವಿದ್ಯೆಗೆ ನಾವು ವ್ಯಾನು, ಟ್ಯೂಷನ್ನು, ಅಬ್ಯಾಕಸ್ಸು, ನವೋದಯ–ಮೊರಾರ್ಜಿ ಪ್ರವೇಶ ಪರೀಕ್ಷೆಯ ಕೋಚಿಂಗು ಎಲ್ಲ ಸೇರಿಸಿ ಹದಿನಾಲ್ಕು ಗಂಟೆ ಮಾಡಿದ್ದೇವೆ. ಮೇಲೆ ಹೋಂವರ್ಕು. ಪ್ರತಿ ವಿಷಯದ ಮೇಷ್ಟ್ರೂ "ಬರೀ ಅರ್ಧ ಗಂಟೆದು" ಎಂದೇ ಕೊಡುತ್ತಾರೆ, ಸುಳ್ಳಲ್ಲ. ಆದರೆ ವಿಷಯ ಆರು. ಕನ್ನಡದವರು ಕೊಟ್ಟದ್ದು ಗಣಿತದವರಿಗೆ ಗೊತ್ತಿಲ್ಲ, ಗಣಿತದವರು ಕೊಟ್ಟದ್ದು ವಿಜ್ಞಾನದವರಿಗೆ ಗೊತ್ತಿಲ್ಲ. ಒಟ್ಟು ಮೂರು ಗಂಟೆ ಎಂದು ಗೊತ್ತಿರುವುದು ಮಗುವಿಗೆ ಮಾತ್ರ, ಅದನ್ನು ಕೇಳುವವರಿಲ್ಲ. ರಾತ್ರಿ ಒಂಬತ್ತಕ್ಕೆ ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ನಾಳೆಗೆ ಸೌರಮಂಡಲದ ಮಾಡೆಲ್ ತರತಕ್ಕದ್ದು ಎಂಬ ಸಂದೇಶ ಬಂದರೆ ಮುಗಿಯಿತು. ಅಂಗಡಿ ಮುಚ್ಚಿದೆ, ಥರ್ಮಾಕೋಲ್ ಇಲ್ಲ, ಫೆವಿಕಾಲ್ ಡಬ್ಬಿಯ ತಳ ಒಣಗಿದೆ. ಟಿವಿ ತಂದ ರಟ್ಟಿನ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ, ಗುರುವಿಗೆ ನಿಂಬೆಹಣ್ಣು, ಶನಿಗೆ ಅಮ್ಮನ ಹಳೇ ಬಳೆ. ಮಾಡೆಲ್ಲಿಗೆ ಮರುದಿನ ಬರುವ ಹತ್ತು ಅಂಕ ನ್ಯಾಯವಾಗಿ ಅಮ್ಮನದು. ತೂಕಡಿಕೆ ಮಾತ್ರ ಮಗುವಿನದು.

ಇದಕ್ಕೆ ಸರ್ಕಾರ ಏನೂ ಮಾಡಿಲ್ಲವೆಂದರೆ ಅಪಚಾರವಾದೀತು. 2019ರಲ್ಲಿ ರಾಜ್ಯ ಸರ್ಕಾರ ಶಾಲಾ ಚೀಲದ ತೂಕ ನಿಗದಿ ಮಾಡಿತು, ಒಂದು–ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದೆಂದಿತು. 2020ರ ಕೇಂದ್ರದ ಶಾಲಾ ಚೀಲ ನೀತಿ ಇನ್ನೂ ಮುಂದೆ ಹೋಗಿ ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ, ಅದರ ಮೇಲಿನವರಿಗೆ ಎರಡು ಗಂಟೆ ಎಂದು ಮಿತಿ ಹಾಕಿತು. ವಾರಕ್ಕೆ ಎರಡು ಗಂಟೆ ಎಂಬುದನ್ನು ದಿನಕ್ಕೆ ಎಂದು ಓದಿಕೊಂಡ ಶಾಲೆಗಳನ್ನು ಬಯ್ಯುವುದು ಸುಲಭ. ಆದರೆ ಹೋಂವರ್ಕ್ ಕಡಿಮೆ ಕೊಟ್ಟ ಶಾಲೆಯ ಗತಿ ನೋಡಿ. "ಏನ್ ಮೇಡಂ, ಈ ನಡುವೆ ಬರಿಯಾಕೆ ಏನೂ ಕೊಡ್ತಿಲ್ಲ?" ಎಂದು ಗೇಟಿನಲ್ಲಿ ನಿಲ್ಲುವವರು ಇದೇ ಅಪ್ಪ–ಅಮ್ಮ. ಕಟ್ಟಿದ ಫೀಜಿಗೆ ತಕ್ಕ ಭಾರ ಚೀಲದಲ್ಲಿ ಕಾಣಬೇಕು, ಮಗುವಿನ ಬೆರಳು ನೋಯಬೇಕು, ಆಗಲೇ ಶಾಲೆ ಚೆನ್ನಾಗಿದೆ ಎಂಬ ನಂಬಿಕೆ.

ಎಷ್ಟು ಹೊತ್ತು ಕೂತರೆ ಅಷ್ಟು ಓದು ಎಂಬುದು ಈ ನಂಬಿಕೆಯ ಬೇರು. ಅದು ಸುಳ್ಳೆಂದು ಗೊತ್ತಾಗಿ ನೂರು ವರ್ಷ ದಾಟಿತು. 1924ರಲ್ಲಿ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬ ಇಬ್ಬರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿಸಿದರು (ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡಿಸುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ). ಕಲಿತು ಮಲಗಿದಾಗ ನೆನಪುಳಿದಷ್ಟು, ಕಲಿತು ಎಚ್ಚರವಿದ್ದಾಗ ಉಳಿಯಲಿಲ್ಲ. ಇಬ್ಬರೇ ತಾನೆ ಎನ್ನುವವರಿಗೆ 2013ರ ಇನ್ನೊಂದು ಅಧ್ಯಯನವಿದೆ. ಲಾಸ್ ಏಂಜಲೀಸಿನ 535 ಹೈಸ್ಕೂಲು ಮಕ್ಕಳು ದಿನವೂ ಎಷ್ಟು ಓದಿದೆವು, ಎಷ್ಟು ಮಲಗಿದೆವು ಎಂದು ಬರೆದಿಟ್ಟರು. ಒಂದು ಮಗು ಎಂದಿನ ನಿದ್ದೆ ಕತ್ತರಿಸಿ ಹೆಚ್ಚು ಓದಿದ ಮರುದಿನವೇ ಪಾಠ ಅರ್ಥವಾಗದೆ ಒದ್ದಾಡುವುದು, ಪರೀಕ್ಷೆಯಲ್ಲಿ ಎಡವುವುದು ಜಾಸ್ತಿಯಾಗಿತ್ತು. ಓದಿದ್ದರಿಂದ ಅಲ್ಲ, ನಿದ್ದೆಯ ಖಾತೆಯಿಂದ ಕದ್ದು ಓದಿದ್ದರಿಂದ. ಚನ್ನಗಿರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೊಗರಿನಲ್ಲಿ ಬೆಂದ ಅಡಿಕೆಯನ್ನು ಹರವಿ ದಿನಗಟ್ಟಲೆ ಒಣಗಿಸಬೇಕು. ಆ ದಿನಗಳಲ್ಲಿ ಅಂಗಳದಲ್ಲಿ ಏನೂ ನಡೆಯುತ್ತಿಲ್ಲ ಎನಿಸಿದರೂ ರಾಶಿ ಆಗುವುದು ಆಗಲೇ. ಒಣಗಲು ಬಿಡದೆ ಮತ್ತೆ ಮತ್ತೆ ಹಂಡೆಗೆ ಸುರಿದು ಬೇಯಿಸುತ್ತ ಕೂತವನ ಮಾಲನ್ನು ಮಂಡಿಯಲ್ಲಿ ಯಾರು ಕೊಂಡಾರು? ಮಕ್ಕಳ ವಿಷಯದಲ್ಲಿ ಮಾತ್ರ ನಾವು ಒಲೆ ಆರಿಸುವುದೇ ಇಲ್ಲ.

ಇಷ್ಟಕ್ಕೆ ಹಿರಿಯರು ಒಪ್ಪುವುದಿಲ್ಲ. ಬೀದಿದೀಪದ ಕೆಳಗೆ ಕೂತು ಓದಿ ಮೇಲೆ ಬಂದ ಮಹನೀಯರ ಕಥೆ ಅವರ ಬತ್ತಳಿಕೆಯಲ್ಲಿ ಸದಾ ಸಿದ್ಧ. ಆ ಕಥೆಗಳ ಕಂಬ ಯಾವ ಬೀದಿಯಲ್ಲಿತ್ತೆಂದು ನಾನು ಕೇಳುವುದಿಲ್ಲ. ಆ ಮಹನೀಯರಿಗೆ ಸಂಜೆ ಟ್ಯೂಷನ್ ಇರಲಿಲ್ಲ, ರಾತ್ರಿ ವಾಟ್ಸ್ಯಾಪ್ ಇರಲಿಲ್ಲ, ಥರ್ಮಾಕೋಲಿನ ಸೌರಮಂಡಲವಂತೂ ಇರಲೇ ಇಲ್ಲ ಎಂದಷ್ಟೇ ನೆನಪಿಸುತ್ತೇನೆ. ಎರಡನೇ ಬಾಣ ಬ್ರಾಹ್ಮೀ ಮುಹೂರ್ತ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದಂತೆ. ಹತ್ತಲಿ, ಸಂತೋಷ. ಆದರೆ ಆ ಮುಹೂರ್ತದಲ್ಲಿ ಏಳುತ್ತಿದ್ದ ಅಜ್ಜಂದಿರು ದೀಪ ಹಚ್ಚುವ ಹೊತ್ತಿಗೆ ಮುದ್ದೆ ಉಂಡು ಎಂಟಕ್ಕೆಲ್ಲ ಗೊರಕೆ ಹೊಡೆಯುತ್ತಿದ್ದರು. ಏಳುವ ಶಾಸ್ತ್ರವನ್ನು ಅಜ್ಜನಿಂದ, ಮಲಗುವ ಶಾಸ್ತ್ರವನ್ನು ಧಾರಾವಾಹಿಯಿಂದ ಕಲಿತರೆ ನಡುವೆ ಸಿಕ್ಕಿಕೊಳ್ಳುವುದು ಮೊಮ್ಮಗ. ಭಾನುವಾರ ಮಲಗಿ ಸರಿಮಾಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಭಾನುವಾರ ವಿಶೇಷ ತರಗತಿ ಇದೆ ಎಂಬುದು ಅವರಿಗೆ ಗೊತ್ತಿಲ್ಲ.

ಗಟ್ಟಿ ಆಕ್ಷೇಪ ಎಂದರೆ ಮೊಬೈಲಿನದು. ಹೋಂವರ್ಕು ನೆಪ, ಹುಡುಗರು ಎಚ್ಚರವಿರುವುದು ರೀಲ್ಸ್ ನೋಡಲು ಎನ್ನುತ್ತಾರೆ. ಇದರಲ್ಲಿ ನಿಜವಿದೆ, ತಳ್ಳಿಹಾಕಲಾರೆ. ಆದರೆ ಹೋಂವರ್ಕ್ ಬರುವುದೇ ಆ ಮೊಬೈಲಿನಲ್ಲಿ. ಬೆಕ್ಕಿನ ಕೈಗೆ ಹಾಲಿನ ಚೊಂಬು ಕೊಟ್ಟು ಲೆಕ್ಕ ಮಾಡು ಎಂದರೆ ಅದು ಏನು ಮಾಡೀತು? ಅಲ್ಲದೆ ಹದಿವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ. ಹತ್ತನೇ ಕ್ಲಾಸಿನವನಿಗೆ ಒಂಬತ್ತಕ್ಕೆ ಕಣ್ಣು ಕೂರದಿರುವುದು ಉದ್ಧಟತನವಲ್ಲ. ಅಂಥವನನ್ನು ಐದಕ್ಕೆ ಎಬ್ಬಿಸುವುದು ಎಂದರೆ ನಡುನಿದ್ದೆಯಲ್ಲಿ ಎಬ್ಬಿಸಿದಂತೆಯೇ. ಇದನ್ನರಿತ ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲಿನ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿತು, ಮಕ್ಕಳು ಆ ಬಿಡುವನ್ನು ಹರಟೆಗೆ ಹಾಕಲಿಲ್ಲ, ಸುಮಾರು 34 ನಿಮಿಷ ಹೆಚ್ಚು ಮಲಗಿದರು. ನೆರೆಯ ಮಹಾರಾಷ್ಟ್ರವೂ 2024ರಲ್ಲಿ ನಾಲ್ಕನೇ ತರಗತಿವರೆಗೆ ಒಂಬತ್ತಕ್ಕಿಂತ ಮೊದಲು ಶಾಲೆ ಬೇಡವೆಂದಿತು. ನಮ್ಮ ತಾಲ್ಲೂಕುಗಳಲ್ಲಿ ಶಾಲೆಯ ಗಂಟೆ ಅಷ್ಟು ಬೇಗ ಹೊಡೆಯುವುದಿಲ್ಲ, ಸರ್ಕಾರಿ ಶಾಲೆಯದಂತೂ ಹತ್ತರ ಹತ್ತಿರ. ಇಲ್ಲಿ ಖಳನಾಯಕ ವ್ಯಾನು. ಹಳ್ಳಿಹಳ್ಳಿ ಸುತ್ತಿ ಬರುವ ಅದರಲ್ಲಿ ಮೊದಲು ಹತ್ತುವ ಮಗು ಕೊನೆಯದಕ್ಕಿಂತ ಒಂದು ಗಂಟೆ ಮುಂಚೆ ಏಳಬೇಕು, ಸಂಜೆ ಅದೇ ದಾರಿಯಲ್ಲಿ ಬಂದರೆ ಕೊನೆಗೆ ಇಳಿಯಬೇಕು. ಸಂಜೆ ದಾರಿಯನ್ನು ತಿರುಗಿಸಿದರೆ ಡೀಸೆಲ್ ಹೆಚ್ಚು ಖರ್ಚಾಗುವುದಿಲ್ಲ. ವಿಷಯದ ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿನ ಒಂದೇ ಹಲಗೆಯ ಮೇಲೆ ಆ ದಿನದ ಹೋಂವರ್ಕ್ ಬರೆದರೆ ಮೂರು ಗಂಟೆಯ ಗುಟ್ಟು ಅಲ್ಲೇ ಬಯಲಾಗುತ್ತದೆ. ಸಂಜೆ ಏಳರ ಮೇಲೆ ಬಂದ ಸಂದೇಶ ನಾಳೆಗಲ್ಲ, ನಾಡಿದ್ದಿಗೆ ಎಂದು ಗುಂಪಿನಲ್ಲೇ ಕಟ್ಟಳೆ ಮಾಡಬಹುದು.

ಹಾಗಾದರೆ ಮಲಗಿಸುವ ಹೊಣೆಯನ್ನೂ ಇಲಾಖೆಗೇ ಕೊಡಬಹುದಲ್ಲ ಎಂಬ ಸಲಹೆ ಬಂದೀತು. ದಯವಿಟ್ಟು ಬೇಡ. ಕೊಟ್ಟ ಮರುದಿನವೇ ಸುತ್ತೋಲೆ ಹೊರಟು, ಪ್ರತಿ ಶಾಲೆಯಲ್ಲಿ 'ನಿದ್ರಾ ವಹಿ' ತೆರೆಯತಕ್ಕದ್ದು, ಮಕ್ಕಳು ಮಲಗಿರುವ ಫೋಟೋವನ್ನು ರಾತ್ರಿ ಹತ್ತರೊಳಗೆ ಅಪ್‌ಲೋಡ್ ಮಾಡತಕ್ಕದ್ದು ಎಂದಾಗುತ್ತದೆ. ಮೇಷ್ಟ್ರು ಮತ್ತೆ ಬೈಕ್ ಹತ್ತುತ್ತಾರೆ. ಫೋಟೋಕ್ಕಾಗಿ ಫ್ಲ್ಯಾಷ್ ಹೊಡೆದಾಗ ಮಗು ಮತ್ತೆ ಏಳುತ್ತದೆ. ಆದ್ದರಿಂದ ಇದು ಮನೆಯೊಳಗೇ ಆಗಬೇಕಾದ ಕೆಲಸ, ಖರ್ಚೂ ಇಲ್ಲ: ಊಟ ಎಂಟಕ್ಕೆ, ಮೊಬೈಲುಗಳು (ಅಪ್ಪನದೂ ಸೇರಿ) ಅಡುಗೆಮನೆಯ ಶೆಲ್ಫಿನ ಮೇಲೆ, ಒಂಬತ್ತಕ್ಕೆ ಟಿವಿ ಬಂದ್. ಇಲ್ಲಿಯವರೆಗೆ ತಲೆಯಾಡಿಸುತ್ತ ಬಂದ ಓದುಗರಲ್ಲಿ ಅರ್ಧದಷ್ಟು ಜನ ಈ ಕಡೆಯ ಮಾತಿಗೆ ನನ್ನ ಕೈ ಬಿಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಒಂಬತ್ತೂವರೆಯ ಧಾರಾವಾಹಿಯಲ್ಲಿ ಸೊಸೆಗೆ ಸತ್ಯ ಗೊತ್ತಾಗುವುದು ನಾಳೆಯೇ ಅಂತೆ.