ಹೌದೆನ್ನುವವರಿಗೇ ಜಯ

2025ರ ಆಗಸ್ಟ್ 11ರಂದು ಲೋಕಸಭೆ ಹೊಸ ಆದಾಯ ತೆರಿಗೆ ಮಸೂದೆಯನ್ನು ಪಾಸು ಮಾಡಿತು. 536 ಸೆಕ್ಷನ್‌ಗಳು. 1961ರ ಕಾಯಿದೆಗೆ ಬದಲಿ. ಹಿಡಿದ ಸಮಯ ಸುಮಾರು ಮೂರು ನಿಮಿಷ.

ಸೆಕೆಂಡಿಗೆ ಮೂರು ಸೆಕ್ಷನ್ ಬಿತ್ತು. ಓದುವುದಿರಲಿ, ಆ ವೇಗದಲ್ಲಿ ಪುಟ ಮಗುಚಲೂ ಆಗದು. ನೀವು ಮಾತ್ರ ತೆರಿಗೆ ರಿಟರ್ನ್ ಸಲ್ಲಿಸಲು ಒಂದು ದಿನ ತಡಮಾಡಿ ನೋಡಿ. ಐದು ಸಾವಿರದವರೆಗೆ ದಂಡ. ಅವಸರದಲ್ಲಿ ಒಂದು ಕಾಲಂ ತಪ್ಪು ತುಂಬಿದಿರೋ, ನೋಟಿಸ್. ಅವಸರ ಮಾಡುವ ಹಕ್ಕು ಕಾಯಿದೆ ಮಾಡುವವರಿಗಷ್ಟೇ ಮೀಸಲು.

ಸೆಲೆಕ್ಟ್ ಕಮಿಟಿ ಎಲ್ಲವನ್ನೂ ನೋಡಿತ್ತಲ್ಲ ಎನ್ನುತ್ತಾರೆ. ನೋಡಿತ್ತು, ಒಪ್ಪೋಣ. ಅದರಲ್ಲಿದ್ದವರು 31 ಮಂದಿ. ಉಳಿದ ಐನೂರು ಚಿಲ್ಲರೆ ಜನರನ್ನು ಆರಿಸಿ ಕಳಿಸಿದ್ದು ಯಾತಕ್ಕೆ? ಕೈ ಎತ್ತುವುದಕ್ಕೆ ಎನ್ನಬೇಡಿ. ಕೈ ಎತ್ತಿದರೆ ಎಣಿಸಬೇಕಾಗುತ್ತದೆ. ಅದಕ್ಕೇ ಧ್ವನಿಮತ.

ಈ ಧ್ವನಿಮತವನ್ನು ಒಮ್ಮೆ ಟಿವಿಯಲ್ಲಿ ಕೂತು ನೋಡಿ. ಸದನದ ಬಾವಿಯಲ್ಲಿ ಫಲಕ ಹಿಡಿದವರು ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಮಂತ್ರಿಗಳು ಎದ್ದು ಯಾರಿಗೂ ಕೇಳಿಸದ ನಾಲ್ಕು ಸಾಲು ಓದುತ್ತಾರೆ. ಪೀಠದಲ್ಲಿದ್ದವರು ‘ಒಪ್ಪುವವರು ಹೌದೆನ್ನಿ’ ಎನ್ನುತ್ತಾರೆ. ಒಂದು ಕಡೆಯಿಂದ ಒಂದು ಸದ್ದು. ‘ಒಪ್ಪದವರು ಇಲ್ಲವೆನ್ನಿ’ ಎನ್ನುತ್ತಾರೆ. ಇನ್ನೊಂದು ಕಡೆಯಿಂದ ಅದಕ್ಕಿಂತ ದೊಡ್ಡ ಸದ್ದು. ಆದರೆ ಅದು ಬೇರೆ ಯಾವುದೋ ವಿಷಯದ ಘೋಷಣೆ. ಹೌದೆನ್ನುವವರು ಗೆದ್ದರು. ಮುಂದಿನ ಮಸೂದೆ ಬರಲಿ.

ಮರುದಿನ ಪತ್ರಿಕೆಯಲ್ಲಿ ‘ಗದ್ದಲದ ನಡುವೆ ಧ್ವನಿಮತದ ಅಂಗೀಕಾರ’. ಅಷ್ಟು ಗದ್ದಲದಲ್ಲಿ ಯಾರ ಧ್ವನಿ ಯಾರಿಗೆ ಕೇಳಿಸಿತು ಸ್ವಾಮಿ?

ಗುಂಡಿ ಒತ್ತಿ ಮತ ಹಾಕುವ ಯಂತ್ರ ಸದನದಲ್ಲಿದೆ. ಮತ ಎಣಿಸಿ ಎಂದು ಕೇಳಿದರೆ, ಮೊದಲು ನಿಮ್ಮ ಜಾಗಕ್ಕೆ ಹೋಗಿ ಕೂರಿ ಎಂಬ ಉತ್ತರ ಬರುತ್ತದೆ. ಫಲಕ ಹಿಡಿದವರು ಕೂರುವುದಿಲ್ಲ. ಕೂತರೆ ಚರ್ಚೆ ಮಾಡಬೇಕು. ಚರ್ಚೆ ಮಾಡಬೇಕಾದರೆ ಓದಿಕೊಂಡು ಬರಬೇಕು. ಆಳುವವರಿಗೆ ಬೇಕಾದ್ದು ವೇಗ, ಇವರಿಗೆ ಬೇಕಾದ್ದು ವಿಡಿಯೊ. ಗದ್ದಲದಿಂದ ಇಬ್ಬರಿಗೂ ಲಾಭ. ಅದಕ್ಕೇ ಅದು ನಿಲ್ಲುವುದಿಲ್ಲ.

ಇಷ್ಟಾದರೂ ಅಧಿವೇಶನ ಮುಗಿದಾಗ ‘ಉತ್ಪಾದಕತೆ’ಯ ಲೆಕ್ಕ ಕೊಡುತ್ತಾರೆ. ಹದಿನೆಂಟನೇ ಲೋಕಸಭೆಯ ಮೊದಲ ಅಧಿವೇಶನದ್ದು ಶೇ 103 ಅಂತೆ. ಹದಿನೇಳನೇ ಲೋಕಸಭೆಯ ಒಟ್ಟು ಅವಧಿಯದ್ದು ಶೇ 97. ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಕೂತಿತ್ತು. ಹದಿನೇಳನೆಯದು ಕೂತದ್ದು 274 ದಿನ. ಅರ್ಧಕ್ಕಿಂತ ಹೆಚ್ಚು ಸಿಲಬಸ್ ಕಿತ್ತುಹಾಕಿ, ಉಳಿದದ್ದರಲ್ಲಿ ಡಿಸ್ಟಿಂಕ್ಷನ್ ಬಂತೆಂದು ಹುಡುಗ ಮನೆಯಲ್ಲಿ ಸಿಹಿ ಹಂಚಿದ ಹಾಗಾಯಿತು.

2023ರ ಡಿಸೆಂಬರ್ 13ನ್ನು ನೆನಪು ಮಾಡಿಕೊಳ್ಳಿ. ಇಬ್ಬರು ಯುವಕರು ಪ್ರೇಕ್ಷಕರ ಗ್ಯಾಲರಿಯಿಂದ ಸದನಕ್ಕೆ ಹಾರಿ ಹಳದಿ ಹೊಗೆ ಬಿಟ್ಟರು. ಇದು ಹೇಗಾಯಿತು, ಗೃಹ ಸಚಿವರು ಬಂದು ಹೇಳಲಿ ಎಂದು ವಿರೋಧ ಪಕ್ಷದವರು ಕೂತಲ್ಲಿ ನಿಂತಲ್ಲಿ ಕೂಗಿದರು. ಸಚಿವರು ಸದನದಲ್ಲಿ ಬಾಯಿ ಬಿಡಲಿಲ್ಲ. ಕೂಗಿದವರು ಅಮಾನತಾದರು. ಒಬ್ಬರಲ್ಲ, ಇಬ್ಬರಲ್ಲ, ಲೋಕಸಭೆಯೊಂದರಲ್ಲೇ ನೂರು ಮಂದಿ. ರಾಜ್ಯಸಭೆಯದೂ ಸೇರಿದರೆ 146.

ಎಂಥ ಉತ್ಸಾಹ ನೋಡಿ. ಕೂಗಾಟದ ದಿನ ಸದನದಲ್ಲೇ ಇರದಿದ್ದ ಡಿಎಂಕೆಯ ಎಸ್.ಆರ್. ಪಾರ್ತಿಬನ್ ಹೆಸರೂ ಅಮಾನತಿನ ಪಟ್ಟಿಯಲ್ಲಿ ಬಂತು. ಆಮೇಲೆ ತಪ್ಪಾಯಿತೆಂದು ತೆಗೆದರು. ಹೊಗೆ ಬಿಟ್ಟವರಿಗೆ ಪಾಸ್ ಸಿಕ್ಕಿದ್ದು ನಮ್ಮ ಮೈಸೂರಿನ ಅಂದಿನ ಸಂಸದರ ಶಿಫಾರಸಿನಿಂದ. ಅವರು ಅಮಾನತಾಗಲಿಲ್ಲ. ಪಾಸ್ ಕೊಡಿಸಿದವರು ಒಳಗೆ, ಪ್ರಶ್ನೆ ಕೇಳಿದವರು ಹೊರಗೆ.

ಹಾಗೆ ಖಾಲಿಯಾದ ಬೆಂಚುಗಳ ಮುಂದೆ ಡಿಸೆಂಬರ್ 20ರಂದು ದೇಶದ ಮೂರು ಕ್ರಿಮಿನಲ್ ಕಾಯಿದೆಗಳನ್ನು ಬದಲಿಸುವ ಮಸೂದೆಗಳೂ ಪಾಸಾದವು. 2019ರಲ್ಲಿ ಆ ಸದನಕ್ಕೆ ಗೆದ್ದು ಬಂದವರಲ್ಲಿ 233 ಮಂದಿ ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ ಎಂದು ತಾವೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದರು. ಅನುಭವಸ್ಥರ ಕೈಯಲ್ಲೇ ಕೆಲಸವಾಯಿತು ಅನ್ನಿ.

ಈಗ ಕಾಂಗ್ರೆಸ್ಸಿನವರು ಪ್ರಜಾಪ್ರಭುತ್ವ ಸತ್ತಿತು ಎಂದು ಎದೆ ಬಡಿದುಕೊಳ್ಳುತ್ತಾರೆ. 2014ರ ಫೆಬ್ರುವರಿ 18ರಂದು ಅವರ ಸರ್ಕಾರವೇ ತೆಲಂಗಾಣ ಮಸೂದೆ ಪಾಸು ಮಾಡಿಸಿತಲ್ಲ, ಆಗ ಸದನದ ನೇರ ಪ್ರಸಾರವೇ ನಿಂತುಹೋಗಿತ್ತು. ಅದಕ್ಕೆ ಐದು ದಿನ ಮೊದಲು ಅವರ ಪಕ್ಷದಿಂದ ಆಗಷ್ಟೇ ಉಚ್ಚಾಟಿತರಾಗಿದ್ದ ಸಂಸದರೊಬ್ಬರು ಸದನದೊಳಗೆ ಪೆಪ್ಪರ್ ಸ್ಪ್ರೇ ಹೊಡೆದಿದ್ದರು. ಮರೆತೇಬಿಟ್ಟರು.

ಬಿಜೆಪಿಯವರ ಮರೆವೂ ಕಡಿಮೆಯದಲ್ಲ. 2010ರಲ್ಲಿ 2ಜಿ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕೆಂದು ಇಡೀ ಚಳಿಗಾಲದ ಅಧಿವೇಶನವನ್ನು ತೊಳೆದು ಹಾಕಿದ್ದು ಅವರೇ. ಕಲಾಪ ತಡೆಯುವುದೂ ಪ್ರಜಾಪ್ರಭುತ್ವದ ಒಂದು ಬಗೆ ಎಂದು ಅಂದು ಪಾಠ ಹೇಳಿದವರೂ ಅವರೇ. ಇಂದು ಅದೇ ಕೆಲಸ ಬೇರೆಯವರು ಮಾಡಿದರೆ ದೇಶಕ್ಕೆ ಅವಮಾನ, ತೆರಿಗೆದಾರನ ಹಣ ಪೋಲು. ಇಬ್ಬರೂ ಭಾಷಣದ ಹಾಳೆ ಬದಲಾಯಿಸಿಕೊಂಡಿದ್ದಾರೆ, ಅಷ್ಟೇ.

ಸಂವಿಧಾನದ ಮೇಲಂತೂ ಎಲ್ಲರಿಗೂ ವಿಪರೀತ ಭಕ್ತಿ. 2024ರ ಜೂನ್‌ನಲ್ಲಿ ಒಬ್ಬರು ಅದನ್ನು ಹಣೆಗೊತ್ತಿಕೊಂಡರು. ಇನ್ನೊಂದಿಷ್ಟು ಜನ ಕೈಯಲ್ಲಿ ಎತ್ತಿ ಹಿಡಿದು ಪ್ರಮಾಣವಚನ ಸ್ವೀಕರಿಸಿದರು. ಹಣೆಗೊತ್ತಲು, ಎತ್ತಿ ಹಿಡಿಯಲು ಪುಸ್ತಕವನ್ನು ತೆರೆಯಬೇಕಿಲ್ಲ. ತೆರೆದಿದ್ದರೆ 93ನೇ ವಿಧಿ ಕಾಣುತ್ತಿತ್ತು. ಲೋಕಸಭೆ ಆದಷ್ಟು ಬೇಗ ಉಪಾಧ್ಯಕ್ಷರನ್ನು ಆರಿಸಿಕೊಳ್ಳಬೇಕು ಎನ್ನುತ್ತದೆ ಅದು. ಹದಿನೇಳನೇ ಲೋಕಸಭೆ ಐದು ವರ್ಷವೂ ಉಪಾಧ್ಯಕ್ಷರಿಲ್ಲದೆ ಕಳೆಯಿತು. ಹದಿನೆಂಟನೆಯದೂ ಮೊದಲ ವರ್ಷವನ್ನು ಹಾಗೆಯೇ ದಾಟಿತು. ಆ ಹುದ್ದೆಯನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ರೂಢಿಯಿದೆ ನೋಡಿ, ಅದಕ್ಕೇ ಆಳುವವರ ‘ಬೇಗ’ ಬೇಗ ಬರುವುದಿಲ್ಲ.

ಹೊಸ ಕಟ್ಟಡದಲ್ಲಿ ಲೋಕಸಭೆಗೆ 888 ಆಸನ ಹಾಕಿಸಿದ್ದಾರೆ. ಉದ್ಘಾಟನೆಯಾಗಿ ಎರಡನೇ ಮಳೆಗಾಲಕ್ಕೆ ಅದರ ಲಾಬಿಯ ಮಾಡು ಸೋರಿತು. ಕೆಳಗೆ ನೀಲಿ ಬಕೆಟ್ ಇಟ್ಟಿದ್ದರು. ಗಾಜಿನ ಗುಮ್ಮಟದ ಅಂಟು ಸ್ವಲ್ಪ ಸರಿದಿತ್ತಂತೆ. ಆ ಬಗ್ಗೆಯೂ ಒಂದಿಷ್ಟು ಗದ್ದಲವಾಯಿತು.

ಗದ್ದಲವೇ ಆಗದ ವಿಷಯ ಒಂದಿದೆ. 2025ರ ಮಾರ್ಚ್‌ನಲ್ಲಿ ಸಂಸದರ ಸಂಬಳ ತಿಂಗಳಿಗೆ ಒಂದು ಲಕ್ಷದಿಂದ 1.24 ಲಕ್ಷಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯ. ಯಾರೂ ಬಾವಿಗೆ ಇಳಿಯಲಿಲ್ಲ. ಇಳಿಯುವ ಅಗತ್ಯವೇ ಇಲ್ಲ. ಬೆಲೆ ಏರಿದ ಹಾಗೆ ಐದು ವರ್ಷಕ್ಕೊಮ್ಮೆ ಸಂಬಳ ತಾನಾಗಿಯೇ ಏರುವ ಏರ್ಪಾಡನ್ನು 2018ರ ಹಣಕಾಸು ಮಸೂದೆಯಲ್ಲೇ ಸೇರಿಸಿಟ್ಟಿದ್ದಾರೆ. ಆ ಮಸೂದೆ ಪಾಸಾದದ್ದು ಹೇಗೆ ಅಂದಿರಾ? ಗದ್ದಲದ ನಡುವೆ, ಚರ್ಚೆಯಿಲ್ಲದೆ.

ಮಾಜಿ ಸಂಸದರ ಪಿಂಚಣಿಯೂ 25,000ದಿಂದ 31,000 ರೂಪಾಯಿಗೆ ಏರಿತು. ಕಾರ್ಖಾನೆ, ಕಂಪನಿಗಳಲ್ಲಿ ದುಡಿದು ನಿವೃತ್ತರಾದವರಿಗೆ ಇಪಿಎಫ್ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಸಂಸದರ ಸಂಬಳ ಏರಿದ ದಿನವೂ ಅದು ಸಾವಿರವೇ ಆಗಿತ್ತು. ಇದನ್ನು ಯಾಕೆ ಏರಿಸಿಲ್ಲ ಎಂದು ಲೋಕಸಭೆಯಲ್ಲಿ ಪ್ರಶ್ನೆ ಬಂದಿದೆ. ನಿಧಿಯಲ್ಲಿ ಕೊರತೆಯಿದೆ ಎಂಬ ಉತ್ತರವೂ ಸಿಕ್ಕಿದೆ.