ಒತ್ತಕ್ಷರದ ಮಾತೆತ್ತಿದಾಗ: ಒಂದು ಇ-ರೀಡರ್‌ ಸಂದರ್ಶನ

ಇ-ರೀಡರ್ ಎಂದರೆ ಪುಸ್ತಕ ಓದುವುದಕ್ಕೆಂದೇ ತಯಾರಾದ, ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರ. ಅದನ್ನು ಕೊಳ್ಳುವ ಮುನ್ನ ವಿಚಾರಿಸಬೇಕಾದ ಸಂಗತಿಗಳನ್ನು ಯಂತ್ರದಿಂದಲೇ ಹೇಳಿಸುವ ಉದ್ದೇಶದಿಂದ ಈ ಸಂದರ್ಶನ ನಡೆಯಿತು. ಉತ್ತರ ಕೊಟ್ಟದ್ದು ಆರು ಇಂಚಿನ ಪರದೆಯ, ಒಂದೇ ಆನ್‌ಲೈನ್ ಅಂಗಡಿಗೆ ಕಟ್ಟುಬಿದ್ದ ಮಾದರಿ. ಬಳಕೆದಾರರ ಕೈಪಿಡಿ ಓದಿಕೊಂಡೇ ಬೆಳೆದ ಯಂತ್ರವಾದ್ದರಿಂದ ಅದು ತನ್ನನ್ನು ‘ನಾನು’ ಎಂದು ಕರೆದುಕೊಳ್ಳುವುದಿಲ್ಲ.

ಪ್ರಶ್ನೆ: ಕೈಯಲ್ಲಿ ಫೋನ್ ಇರುವವರಿಗೆ ಇನ್ನೊಂದು ಯಂತ್ರ ಯಾತಕ್ಕೆ?

ಉತ್ತರ: ಫೋನಿನ ಪರದೆ ತಾನೇ ಬೆಳಗುತ್ತದೆ, ಇ-ರೀಡರ್‌ನ ಪರದೆ ಕಾಗದದಂತೆ ಸುತ್ತಲಿನ ಬೆಳಕಲ್ಲಿ ಕಾಣಿಸುತ್ತದೆ. ಇದರ ಹೆಸರು ಇ-ಇಂಕ್. ಕೂದಲೆಳೆಯಷ್ಟು ದಪ್ಪದ ಗುಳಿಗೆಗಳೊಳಗೆ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಹರಿದಾಗ ಬೇಕಾದ ಬಣ್ಣದ ಕಣ ಮೇಲೆ ಬಂದು, ಆಮೇಲೆ ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಕರೆಂಟು ಮುಖ್ಯವಾಗಿ ಬೇಕಾಗುವುದು ಪುಟ ಬದಲಿಸುವಾಗ ಮತ್ತು ಪರದೆಯ ದೀಪ ಹಾಕಿಕೊಂಡಾಗ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಇದೇ ಕಾರಣಕ್ಕೆ. ಇ-ಇಂಕ್ ಕಂಪನಿ ಅಮೆರಿಕದ ಎಂಐಟಿಯ ಸಂಶೋಧನೆಯಿಂದ 1997ರಲ್ಲಿ ಹುಟ್ಟಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಲಿಬ್ರಿಯೆ ಎಂಬ ಯಂತ್ರ ತಂದಿತು. 2007ರಲ್ಲಿ ಅಮೆಜಾನಿನ ಕಿಂಡಲ್ ಬಂದ ಮೇಲೆ ಇದು ಮನೆಮಾತಾಯಿತು. ಈ ಮಾದರಿಯಲ್ಲಿ ವಾಟ್ಸಾಪ್ ಬರುವುದಿಲ್ಲ. ಅದನ್ನು ಕೊರತೆ ಎನ್ನಬೇಕೋ ಸೌಲಭ್ಯ ಎನ್ನಬೇಕೋ ಕೈಪಿಡಿಯಲ್ಲಿ ನಮೂದಾಗಿಲ್ಲ.

ಪ್ರಶ್ನೆ: ಕೊಳ್ಳುವವರು ಮೊದಲು ನೋಡಬೇಕಾದದ್ದು ಬೆಲೆಯನ್ನೋ ಪರದೆಯನ್ನೋ?

ಉತ್ತರ: ಎರಡನ್ನೂ ಅಲ್ಲ. ಓದಬೇಕೆಂದಿರುವ ಪುಸ್ತಕಗಳು ಎಲ್ಲಿವೆ, ಯಾವ ರೂಪದಲ್ಲಿವೆ ಎಂಬುದನ್ನು. ಇ-ಪುಸ್ತಕಗಳ ಸಾಮಾನ್ಯ ರೂಪ ಇ-ಪಬ್. ಕೋಬೊ, ಪಾಕೆಟ್‌ಬುಕ್ ಯಂತ್ರಗಳು ಇದನ್ನು ನೇರವಾಗಿ ತೆರೆಯುತ್ತವೆ. ಕಿಂಡಲ್‌ಗೆ ಅದನ್ನು ಅಮೆಜಾನಿನ ಮೂಲಕ ಕಳಿಸಿ ರೂಪಾಂತರಿಸಿಕೊಳ್ಳಬೇಕು. ಇಂಗ್ಲಿಷ್ ಕಾದಂಬರಿಗಳನ್ನೇ ಓದುವವರಿಗೆ ಆರು ಇಂಚಿನ, ಇಂಚಿಗೆ 300 ಚುಕ್ಕೆಗಳ ಯಾವ ಯಂತ್ರವಾದರೂ ಸಾಕು. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ಊರಿನ ಗ್ರಂಥಾಲಯದಿಂದ ಇ-ಪುಸ್ತಕ ಎರವಲು ಸಿಗುವುದರಿಂದ ಆ ಸೌಲಭ್ಯ ಒಳಗೇ ಇರುವ ಕೋಬೊ ಅನುಕೂಲ. ಹೆಚ್ಚು ಜಿಬಿಗೆ ಹೆಚ್ಚು ಹಣ ಕೊಡುವುದು ದಂಡ. ಚಿತ್ರಗಳಿಲ್ಲದ ಕಾದಂಬರಿ ಸಾಮಾನ್ಯವಾಗಿ ಒಂದೆರಡು ಎಂಬಿ ದಾಟುವುದಿಲ್ಲ.

ಪ್ರಶ್ನೆ: ಕನ್ನಡ ಓದುವವರ ಗತಿ?

(ಪರದೆ ಒಮ್ಮೆ ಪೂರ್ತಿ ಕಪ್ಪಾಗಿ ಮತ್ತೆ ಬಿಳಿಯಾಯಿತು. ಹಿಂದಿನ ಪುಟದ ನೆರಳು ಅಳಿಸಲು ಇ-ರೀಡರ್‌ಗಳು ಆಗಾಗ ಹೀಗೆ ಮಾಡುತ್ತವೆ. ಮುಜುಗರ ಎಂದು ತಿಳಿಯಬೇಕಾಗಿಲ್ಲ.)

ಉತ್ತರ: 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳು ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ.

ಪ್ರಶ್ನೆ: ಕೇಳಿದ್ದು ಕನ್ನಡ.

ಉತ್ತರ: ಪಟ್ಟಿ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಕನ್ನಡದ ಕಡತವನ್ನು ಓದುಗರೇ ತುಂಬಿಕೊಂಡರೆ?

ಉತ್ತರ: ಯಂತ್ರದ ಮೇಲೆ, ಅದರ ತಂತ್ರಾಂಶದ ಮೇಲೆ, ಕಡತದ ಮೇಲೆ ಅವಲಂಬಿತ. ಯುನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಬಿಡಿಬಿಡಿಯಾಗಿ ಉಳಿದಿರುತ್ತವೆ. ಅವನ್ನು ಕೂಡಿಸಿ ಒತ್ತು ಕೊಡುವ ಕೆಲಸ ತಂತ್ರಾಂಶದ್ದು. ಆ ಕೆಲಸ ಬಾರದ ಯಂತ್ರದಲ್ಲಿ ‘ರಾಷ್ಟ್ರ’ವು ‘ರಾಷ್‌ಟ್‌ರ’ ಆಗಿ ಉದ್ದಕ್ಕೆ ಮಲಗುತ್ತದೆ. ಫಾಂಟ್ ಇಲ್ಲವಾದರೆ ಬರೀ ಚೌಕಗಳು. ಫಾಂಟನ್ನು ಹೊರಗಿನಿಂದ ತುಂಬಿಕೊಳ್ಳಲು ಕೋಬೊದಲ್ಲೂ ಈಚಿನ ಕಿಂಡಲ್‌ಗಳಲ್ಲೂ ಅವಕಾಶವಿದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದ ಕಡತವನ್ನು ಯುನಿಕೋಡ್‌ಗೆ ಬದಲಿಸದೆ ಹಾಕಿದರೆ, ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ ಕಾಣಿಸುತ್ತದೆ.

ಪ್ರಶ್ನೆ: ಪಿಡಿಎಫ್ ಆದರೆ ಆ ತಲೆನೋವಿಲ್ಲವಲ್ಲ?

ಉತ್ತರ: ಒತ್ತಕ್ಷರ ಸರಿಯಾಗಿರುತ್ತದೆ, ಕಾಣುವುದಿಲ್ಲ ಅಷ್ಟೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ, ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಪುಟಗಳ ಚಿತ್ರಗಳು. ಅವುಗಳಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡಿ ಸಾಲುಗಳನ್ನು ಮತ್ತೆ ಜೋಡಿಸಲು ಸಾಮಾನ್ಯವಾಗಿ ಬರುವುದಿಲ್ಲ. 1/8 ಡೆಮಿ ಪುಸ್ತಕದ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಆರು ಇಂಚು ಎಂದು ಜಾಹೀರಾತಿನಲ್ಲಿ ಬರೆಯುವುದು ಮೂಲೆಯಿಂದ ಮೂಲೆಗಿನ ಅಳತೆ. ಅಗಲ ಬರೀ 3.6 ಇಂಚು. ಆ ಪುಟ ಇಲ್ಲಿ ಕೂರಬೇಕಾದರೆ ಮೂರರಲ್ಲಿ ಎರಡು ಪಾಲಿಗಿಂತ ಚಿಕ್ಕದಾಗಬೇಕು, ವಟ್ರುಸುಳಿ ಮಸಿಯ ಚುಕ್ಕೆಯಾಗುತ್ತದೆ. 10.3 ಇಂಚಿನ ಪರದೆಯಲ್ಲಿ ಅದೇ ಪುಟ ಹೆಚ್ಚುಕಡಿಮೆ ಮೂಲ ಗಾತ್ರದಲ್ಲಿ ಹಿಡಿಸುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ.

ಪ್ರಶ್ನೆ: ಕೊಂಡ ಪುಸ್ತಕ ಓದುಗರ ಸ್ವಂತದ್ದೇ?

ಉತ್ತರ: ‘ಕೊಳ್ಳಿ’ ಎಂಬ ಗುಂಡಿ ಇದೆ. ಆ ಗುಂಡಿ ಒತ್ತಿದವರಿಗೆ ಸಾಮಾನ್ಯವಾಗಿ ಸಿಗುವುದು ಓದುವ ಪರವಾನಗಿ. 2009ರ ಜುಲೈನಲ್ಲಿ ಹಕ್ಕಿನ ತಕರಾರು ಬಂದಾಗ ಅಮೆಜಾನ್ ಒಂದು ಪುಸ್ತಕದ ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ವಾಪಸು ಕೊಟ್ಟಿತು. ಪುಸ್ತಕದ ಹೆಸರು ಹೇಳುವುದು ಅಗತ್ಯವೇ?

ಪ್ರಶ್ನೆ: ಅಗತ್ಯ.

ಉತ್ತರ: ಜಾರ್ಜ್ ಆರ್ವೆಲ್‌ನ ‘1984’. ಜತೆಗೆ ‘ಅನಿಮಲ್ ಫಾರ್ಮ್’. ಕಂಪನಿಯ ಮುಖ್ಯಸ್ಥರು ಆಮೇಲೆ ಕ್ಷಮೆ ಕೇಳಿದರು. 2025ರ ಫೆಬ್ರವರಿಯಲ್ಲಿ, ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿ ಕೇಬಲ್ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ಸೌಲಭ್ಯವನ್ನೂ ನಿಲ್ಲಿಸಲಾಯಿತು.

ಪ್ರಶ್ನೆ: ನೀರು ತಾಗಿದರೂ ಕೆಡದ್ದು, ಬಣ್ಣದ್ದು, ಪೆನ್ನಿನಿಂದ ಬರೆಯುವಂಥದ್ದು?

ಉತ್ತರ: ಸ್ನಾನದ ಮನೆಯಲ್ಲಿ ಓದುವವರಿಗೆ ಮೊದಲನೆಯದು. ಬಣ್ಣದ ಪರದೆಯಲ್ಲಿ ಬಣ್ಣ ಮಾಸಿದಂತಿರುತ್ತದೆ. ಕಾಮಿಕ್ಸ್ ಓದದವರಿಗೆ ಬೇಡ. ಪೆನ್ನು ಟಿಪ್ಪಣಿ ಮಾಡಿಕೊಳ್ಳುವವರಿಗೆ. ಮುಂಬೆಳಕನ್ನು, ಅಂದರೆ ಪರದೆಯ ದೀಪವನ್ನು, ಮಾತ್ರ ಬಿಡಬಾರದು.

ಪ್ರಶ್ನೆ: ಕೊನೆಯದಾಗಿ, ಕನ್ನಡವನ್ನೇ ಹೆಚ್ಚು ಓದುವವರು ಯಾವುದನ್ನು ಕೊಳ್ಳಬೇಕು?

ಉತ್ತರ: ಹೊಸ ಕನ್ನಡ ಇ-ಪುಸ್ತಕಗಳು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಆ್ಯಪ್‌ಗಳಲ್ಲಿವೆ. ಆ್ಯಪ್ ಹಾಕಿಕೊಳ್ಳಬೇಕೆಂದರೆ ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ರೀಡರ್ ಬೇಕು. ಹಳೆಯ ಸ್ಕ್ಯಾನ್ ಪ್ರತಿಗಳನ್ನೂ ಓದುವವರು ಅದರಲ್ಲೇ ಹತ್ತು ಇಂಚಿನದನ್ನು ನೋಡಬೇಕು. ಅಷ್ಟು ಹಣ ಇಲ್ಲದವರಿಗೆ ಮನೆಯಲ್ಲಿರುವ ಟ್ಯಾಬ್ ಸಾಕು, ಕಣ್ಣಿಗೆ ತುಸು ಶ್ರಮವಾದರೂ. ಏನೇ ಕೊಳ್ಳುವ ಮುನ್ನ ಪರಿಚಯದವರ ಯಂತ್ರದಲ್ಲಿ ಸ್ವಂತ ಸಂಗ್ರಹದ ಒಂದು ಕನ್ನಡ ಇ-ಪಬ್, ಒಂದು ಪಿಡಿಎಫ್ ಹಾಕಿ ಹತ್ತು ಪುಟ ಓದಿ ನೋಡುವುದು ಒಳ್ಳೆಯದು.

ಪ್ರಶ್ನೆ: ಈ ಆರು ಇಂಚಿನ ಮಾದರಿ?

ಉತ್ತರ: ಕನ್ನಡವನ್ನೇ ಓದುವವರು ಇದನ್ನು ಕೊಳ್ಳಬಾರದು. ಈ ಉತ್ತರ ಮುಂದಿನ ಅಪ್‌ಡೇಟ್‌ನಲ್ಲಿ ಉಳಿದಿರುವುದೆಂಬ ಖಾತರಿ ಇಲ್ಲ.