ಏಕಕೋಶ ಕರದೀಪ ಮೀಮಾಂಸೆ

ಶಾಸ್ತ್ರಗ್ರಂಥ ಅಂದಮೇಲೆ ಅನುಬಂಧ ಚತುಷ್ಟಯ ಇರಲೇಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಅದನ್ನು ಮೊದಲು ಮುಗಿಸಿಬಿಡೋಣ. ವಿಷಯ: ಒಂದೇ ಒಂದು ಪೆನ್ಸಿಲ್ ಸೆಲ್ಲು ನುಂಗಿ ಬೆಳಗುವ, ಮುಷ್ಟಿಯಲ್ಲಿ ಅಡಗುವ ಎಲ್‌ಇಡಿ ಟಾರ್ಚು. ಪ್ರಯೋಜನ: ಕತ್ತಲಲ್ಲಿ ಮೊಣಕಾಲಿಗೆ ಮಂಚದ ಮೂಲೆ ಬಡಿಯದಿರುವುದು. ಸಂಬಂಧ: ಬುಡದ ಸ್ಪ್ರಿಂಗಿಗೂ ಸೆಲ್ಲಿನ ತಳಕ್ಕೂ ಇರುವಂಥದ್ದು, ಅದು ಸಡಿಲವಾದರೆ ಶಾಸ್ತ್ರವೇ ನಿಂತುಹೋಗುತ್ತದೆ. ಅಧಿಕಾರಿ: ನಾಲ್ಕು ಹನಿ ಬಿದ್ದ ಕೂಡಲೇ ಕರೆಂಟು ಹೋಗುವ ಬೀದಿಯ ನಿವಾಸಿ. ಮನೆಯಲ್ಲಿ ಯುಪಿಎಸ್ ಇರುವವರಿಗೆ ಇಲ್ಲಿ ಅಧಿಕಾರವಿಲ್ಲ; ಬೇಕಾದರೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಬಹುದು.

ಈಗ ಪೂರ್ವಪಕ್ಷ. ಮಹಡಿ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಜಗಲಿಯ ಮೇಲೆ ಕೂತು ಎತ್ತಿದ ಆಕ್ಷೇಪ ಇದು: "ಅಲ್ಲ ಸ್ವಾಮಿ, ಫೋನಿನಲ್ಲೇ ಟಾರ್ಚು ಇರುವಾಗ ಈ ದಂಡದ ಬಾಬತ್ತು ಯಾಕೆ?" ಸಿದ್ಧಾಂತಿಯ ಉತ್ತರ ಹೀಗೆ. ಫೋನಿನ ಬೆನ್ನಿನ ದೀಪಕ್ಕೆ ಬೆಳಕನ್ನು ಒಟ್ಟುಗೂಡಿಸಿ ಮುಂದಕ್ಕೆ ಕಳಿಸುವ ಹೊಳಪಿನ ಬಟ್ಟಲು ಇಲ್ಲ. ಹೊರಟ ಕೂಡಲೇ ಅದು ಎಲ್ಲ ಕಡೆ ಚೆಲ್ಲಿಹೋಗಿ, ಹಿತ್ತಲ ತೆಂಗಿನ ಬುಡ ಮುಟ್ಟುವಷ್ಟರಲ್ಲಿ ನಿರ್ವಾಣ ಹೊಂದುತ್ತದೆ. ಮೇಲಾಗಿ ಫ್ಯೂಸ್ ಕಟ್ಟುವವನಿಗೆ ಎರಡು ಕೈಯೂ ಬೇಕು. ದೀಪಕ್ಕೆ ಉಳಿಯುವ ಜಾಗ ಬಾಯಿ ಒಂದೇ. ಫೋನನ್ನು ಕಚ್ಚಿಕೊಂಡು ಫ್ಯೂಸ್ ಕಟ್ಟಿದವರನ್ನು ನಾವು ಕಂಡಿಲ್ಲ. ಏಕಕೋಶ ಟಾರ್ಚಾದರೋ ಹಲ್ಲಿನ ನಡುವೆ ಬೀಡಿಯ ಹಾಗೆ ನಿಲ್ಲುತ್ತದೆ. ಅಷ್ಟು ಹೊತ್ತು ಯಜಮಾನನಿಗೆ ಮೌನವ್ರತ. "ರೀ, ಮೇನ್ ಸ್ವಿಚ್ ಆಫ್ ಮಾಡಿದ್ದೀರಾ?" ಎಂದು ಒಳಗಿನಿಂದ ಪ್ರಶ್ನೆ ಬಂದರೆ "ಹೂಂ" ಎಂಬ ಒಂದೇ ಉತ್ತರ ಸಾಧ್ಯ. ಆಫ್ ಮಾಡಿರದಿದ್ದರೂ ಅದೇ ಉತ್ತರ. ಮೇಷ್ಟ್ರು ಇದನ್ನು ಒಪ್ಪಿಲ್ಲ, ಆದರೆ ಟಾರ್ಚು ಎರವಲು ಒಯ್ದಿದ್ದಾರೆ. ಮೀಮಾಂಸೆಯಲ್ಲಿ ಇದನ್ನು ಒಪ್ಪಿಗೆಯೆಂದೇ ಎಣಿಸಬೇಕು.

ವಸ್ತುವಿನ ಮೈ ಅಲ್ಯೂಮಿನಿಯಂ, ಮೇಲೆ ಕಪ್ಪು ಅನೋಡೈಸ್ ಲೇಪ, ಕೈ ಜಾರದಿರಲೆಂದು ನಡುವಿನಲ್ಲಿ ಕೊರೆದ ಗೀರುಗಳು. ತಲೆಯ ಸುತ್ತ ಮೂರು ಸಾಲಿನ ಶಾಸನವಿದೆ. ಹಲ್ಮಿಡಿ ಶಾಸನಕ್ಕೆ 16 ಸಾಲು, ವಿದ್ವಾಂಸರ ಜಗಳಕ್ಕೆ ಅಲ್ಲಿ ಧಾರಾಳ ಜಾಗವಿದೆ. ಇಲ್ಲಿ ಸಾಲು ಮೂರೇ ಆದರೂ ಕಗ್ಗಂಟು ಕಡಿಮೆಯದಲ್ಲ. ಮೊದಲನೆಯದು ಕಂಪನಿಯ ಬಿರುದಾವಳಿ. ಎರಡನೆಯದರಲ್ಲಿ 'ಐಪಿಎಕ್ಸ್8' ಎಂದಿದೆ. ತಯಾರಕರು ಹೇಳಿದಷ್ಟು ಆಳದ ನೀರಿನಲ್ಲಿ ಮುಳುಗಿಸಿದರೂ ಕೆಡದು ಎಂಬುದು ಇದರ ತಾತ್ಪರ್ಯ. ಎಷ್ಟು ಆಳ ಎಂಬ ಭಾಗ ಶಾಸನದಲ್ಲಿ ತ್ರುಟಿತ. ನಡುವಿನ ಎಕ್ಸ್ ಅಕ್ಷರ, ಧೂಳಿನ ಪರೀಕ್ಷೆಯ ಲೆಕ್ಕ ಕೊಟ್ಟಿಲ್ಲವೆಂಬುದರ ಗುರುತು. ಅಂದರೆ ಈ ಟಾರ್ಚನ್ನು ಹಿಡಿದು ಬಾವಿಗೆ ಬೀಳಬಹುದು. ಪೈಪಿಗಾಗಿ ಅಗೆದು ಬಿಟ್ಟ ನಮ್ಮ ಬೀದಿಯಲ್ಲಿ ನಡೆಯುವುದಕ್ಕೆ ಮಾತ್ರ ಭರವಸೆ ಇಲ್ಲ. ಮೂರನೆಯ ಸಾಲು ಸವೆದಿದೆ. ಹಳೆಯ ಶಾಸನಗಳ ಕೊನೆಗೆ, ದತ್ತಿಯನ್ನು ಅಳಿಪಿದವನಿಗೆ ವಾರಾಣಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂಬ ಶಾಪಾಶಯ ಇರುವುದುಂಟಲ್ಲ, ಇದರ ಶಾಪಾಶಯ ಡಬ್ಬಿಯೊಳಗಿನ ಚೀಟಿಯಲ್ಲಿದೆ: ತಲೆಯ ಭಾಗ ಬಿಚ್ಚಿದವನಿಗೆ ವಾರಂಟಿ ಇಲ್ಲ. ಕವಿಲೆಯ ಪಾಪಕ್ಕಾದರೂ ಪ್ರಾಯಶ್ಚಿತ್ತ ಹೇಳಿದ್ದಾರೆ.

ಈಗ ನಿಜವಾದ ತಾತ್ವಿಕ ತೊಡಕಿಗೆ ಬರೋಣ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಪೆನ್ಸಿಲ್ ಸೆಲ್ಲಿನಲ್ಲಿ ಇರುವುದು 1.5. ಕಾರಣದಲ್ಲಿ ಇಲ್ಲದ್ದು ಕಾರ್ಯದಲ್ಲಿ ಹುಟ್ಟಲಾರದು ಎನ್ನುವ ಸಾಂಖ್ಯರ ಸತ್ಕಾರ್ಯವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಹಳೆಯ ಕಾಲದ ಉದ್ದನೆಯ ಸ್ಟೀಲ್ ಟಾರ್ಚು ಈ ಗೊಡವೆಗೇ ಹೋಗಲಿಲ್ಲ. ಎರಡು ದಪ್ಪ ಸೆಲ್ಲು ಸಾಲಾಗಿ ತುಂಬಿ 3 ವೋಲ್ಟ್ ಮಾಡಿಕೊಂಡು, ಬಲ್ಬಿನ ತಂತಿ ಕಾಯಿಸಿ, ಹಳದಿ ಬೆಳಕು ಬಿಟ್ಟು ಆರಾಮಾಗಿತ್ತು. ಏಕಕೋಶದೊಳಗೆ ಮಾತ್ರ ಒಂದು ಪುಟ್ಟ ತಂತಿ ಸುರುಳಿ ಕೂತಿದೆ. ಅದರ ಮೂಲಕ ಹರಿಯುವ ಕರೆಂಟನ್ನು ಒಂದು ಚಿಪ್ಪು ಸೆಕೆಂಡಿಗೆ ಸಾವಿರಾರು ಬಾರಿ ಕೊಟ್ಟು ಕಡಿದು ಮಾಡುತ್ತದೆ. ಕಡಿದಾಗಲೆಲ್ಲ ಸುರುಳಿ ತನ್ನ ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿಯನ್ನು ಸೆಲ್ಲಿನ ವೋಲ್ಟಿನ ಮೇಲೆ ಸೇರಿಸಿ ಒದೆಯುತ್ತದೆ. ವೋಲ್ಟು ಏರಿತು, ಆದರೆ ಅದೇ ಲೆಕ್ಕದಲ್ಲಿ ಆಂಪಿಯರ್ ಇಳಿಯಿತು. ಒಟ್ಟು ಶಕ್ತಿ ಹೆಚ್ಚಲಿಲ್ಲ, ಬಿಸಿಯಾಗಿ ಒಂದಿಷ್ಟು ಸೋರಿಯೂ ಹೋಯಿತು. ಕಪಿಲ ಮುನಿಗಳ ಮಾನ ಉಳಿಯಿತು.

ಉಳಿಯದಿದ್ದದ್ದು ನಮ್ಮ ಮನೆಯ ಕಾಲಮಾನ. ಪ್ರಯೋಗಕ್ಕೆ ಸೆಲ್ಲು ಬೇಕಾಗಿ ಗೋಡೆ ಗಡಿಯಾರದ ಮೊರೆ ಹೊಕ್ಕೆವು. ಎರಡು ಸೆಲ್ಲಿನ ಟಾರ್ಚಿಗಾದರೆ ಗಡಿಯಾರದ ಜೊತೆಗೆ ಟಿವಿ ರಿಮೋಟನ್ನೂ ಬಲಿ ಕೊಡಬೇಕಿತ್ತು. ಏಕಕೋಶದ ಲಾಘವಗುಣ ಇಲ್ಲಿಯೇ ಸಿದ್ಧವಾಗುತ್ತದೆ. ಆದರೆ ಗಡಿಯಾರದ ಸೆಲ್ಲು ಸಾಮಾನ್ಯವಾಗಿ ಜಿಂಕ್-ಕಾರ್ಬನ್ ಜಾತಿಯದು. ತೊಟ್ಟು ತೊಟ್ಟು ಕರೆಂಟು ಕೊಟ್ಟು ತಿಂಗಳುಗಟ್ಟಲೆ ಬಾಳುವುದು ಅದರ ಧರ್ಮ. ಟಾರ್ಚು ಒಮ್ಮೆಲೇ ಜಗ್ಗಿದರೆ ಅದರ ವೋಲ್ಟು ಕುಸಿಯುತ್ತದೆ, ಬೆಳಕು ನೋಡನೋಡುತ್ತ ಕುಗ್ಗುತ್ತದೆ. ಟಾರ್ಚಿನ ಪಾಲಿಗೆ ಸತ್ತ ಅದೇ ಸೆಲ್ಲನ್ನು ಗಡಿಯಾರಕ್ಕೆ ಮರಳಿಸಿದರೆ ಟಿಕ್ ಟಿಕ್ ಎಂದು ಮತ್ತೆ ನಡೆಯುತ್ತದೆ. ಪುನರ್ಜನ್ಮಕ್ಕೆ ಪ್ರತ್ಯಕ್ಷ ಪ್ರಮಾಣ ಕೇಳುವ ನಾಸ್ತಿಕರು ಗಮನಿಸಬೇಕು. ಸೆಲ್ಲನ್ನು ಬಿಸಿಲಿಗೆ ಇಟ್ಟು ಬದುಕಿಸುವ ಅಜ್ಜಿಯರ ಪ್ರಯೋಗವನ್ನೂ ನಗುವಂತಿಲ್ಲ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಕ್ಷಣಕಾಲ ಜೀವ ಬರುವುದು ನಿಜ.

ಅಂಕಿಸಂಖ್ಯೆಯ ವಿಷಯ. ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್-1 ಎಂಬ ಧರ್ಮಸೂತ್ರ ಬಂತು. ಡಬ್ಬಿಯ ಮೇಲಿನ ಲುಮೆನ್, ದೂರ, ಬಾಳಿಕೆ ಎಲ್ಲಕ್ಕೂ ಅದೇ ಸ್ಮೃತಿ. ಅದರ ಪ್ರಕಾರ, ಟಾರ್ಚು ಹೊತ್ತಿಸಿ ಅರ್ಧ ನಿಮಿಷ ಕಳೆದ ಮೇಲೆ, ಎರಡು ನಿಮಿಷ ಆಗುವುದರೊಳಗೆ ಬೆಳಕು ಅಳೆಯಬೇಕು. ಮೂರನೆಯ ನಿಮಿಷದಲ್ಲಿ ಅದು ಏನಾದರೂ ಆಗಲಿ, ಆ ಅಂಕಿ ಬದಲಾಗುವುದಿಲ್ಲ. ಬಾಳಿಕೆ ಎಂದರೆ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಕಾಲ. ಇನ್ನು ದೂರ: ಬೆಳಕು ಕ್ಷೀಣಿಸುತ್ತಾ ಹೋಗಿ 0.25 ಲಕ್ಸ್, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು ಉಳಿಯುವ ಸ್ಥಳ. 100 ಮೀಟರ್ ಎಂದು ಬರೆದ ಟಾರ್ಚನ್ನು ಹುಣ್ಣಿಮೆಯ ರಾತ್ರಿ ಗದ್ದೆಯ ಆಚೆಗೆ ಬಿಟ್ಟರೆ ಅಲ್ಲಿ ನಿಮ್ಮದು ಅರ್ಧ, ಚಂದ್ರನದು ಅರ್ಧ. ಕಣ್ಣಂತೂ ಈ ಲೆಕ್ಕವನ್ನೇ ಒಪ್ಪುವುದಿಲ್ಲ. ಲುಮೆನ್ನು ಇಮ್ಮಡಿಯಾದರೆ ಕಣ್ಣಿಗೆ "ಏನೋ ಸ್ವಲ್ಪ ಜಾಸ್ತಿ" ಅನ್ನಿಸುತ್ತದೆ, ಅಷ್ಟೇ. ಬೆಲೆ ಮಾತ್ರ ಸರಿಯಾಗಿ ಇಮ್ಮಡಿ ಕಾಣುತ್ತದೆ.

ಪ್ರಯೋಗಶಾಲೆ ನಡುಮನೆಯ ಸುಣ್ಣದ ಗೋಡೆ. ಬೆಳಕಿನ ನಡುವೆ ಒಂದು ಪ್ರಖರ ಬಿಂಬ, ಅದರ ಸುತ್ತ ಪ್ರಭಾವಳಿ, ಆಮೇಲೆ ಗೋಡೆಯಗಲ ಮಬ್ಬು ಅಂಗಳ. ಬಿಂಬದ ಬಣ್ಣದಲ್ಲಿ ನೀಲಿಯ ಛಾಯೆ. ಬಿಳಿ ಎಲ್‌ಇಡಿ ಎಂಬುದು ಮೂಲತಃ ನೀಲಿ ದೀಪ. ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಎನ್ನಿಸಿರುತ್ತಾರೆ. ಆ ನೀಲಿ ದೀಪ ಕಂಡುಹಿಡಿದದ್ದಕ್ಕೆ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಗ್ಗದ ಟಾರ್ಚುಗಳ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆಯಾದ್ದರಿಂದ ಹಣೆಯ ಕುಂಕುಮ ಕಂದಿದಂತೆ ಕಾಣುತ್ತದೆ. ಇದನ್ನು ಮನೆಯಾಕೆಗೆ ವೈಜ್ಞಾನಿಕವಾಗಿ ವಿವರಿಸಲು ಹೋಗಬಾರದು.

ಕತ್ತಲೆ ದ್ರವ್ಯವೋ ಅಭಾವವೋ ಎಂಬ ಹಳೆಯ ವ್ಯಾಜ್ಯವೂ ಈ ಗೋಡೆಯ ಮೇಲೆಯೇ ವಿಚಾರಣೆಗೆ ಬಂತು. ಕತ್ತಲೆಯೆಂದರೆ ತೇಜಸ್ಸಿನ ಅಭಾವ, ಬೇರೇನೂ ಇಲ್ಲ ಎನ್ನುತ್ತಾರೆ ವೈಶೇಷಿಕರು. ಅದಕ್ಕೆ ಕಪ್ಪು ಬಣ್ಣವಿದೆ, ಚಲನೆಯಿದೆ, ಆದ್ದರಿಂದ ದ್ರವ್ಯವೇ ಎನ್ನುವುದು ಭಾಟ್ಟ ಮೀಮಾಂಸಕರ ಪಟ್ಟು. ಟಾರ್ಚು ತಿರುಗಿಸಿದಂತೆ ಕತ್ತಲೆ ಬೀರುವಿನ ಹಿಂದಕ್ಕೆ ಸರಿದದ್ದನ್ನು ಪ್ರತ್ಯಕ್ಷ ಕಂಡು ನಾವು ಭಾಟ್ಟರ ಕಡೆ ವಾಲುವಷ್ಟರಲ್ಲಿ, ಟ್ಯೂಬ್‌ಲೈಟಿನ ಪಟ್ಟಿಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದ ಮೇಲೆ ಮೇಲ್ಮನವಿ ಇಲ್ಲ. "ಕೃಷ್ಣ ಕೃಷ್ಣ" ಎಂದು ನೆಲ ಮುಟ್ಟಿ ಪ್ರಕರಣ ಮುಗಿಸಿದೆವು.

ಬುಡದ ಗುಂಡಿ ಒತ್ತಿದಂತೆ ಮಂದ, ಮಧ್ಯಮ, ತೀವ್ರ ಎಂಬ ಮೂರು ಅವಸ್ಥೆಗಳು. ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತವನ್ನು ಹಿತ್ತಲಲ್ಲಿ ಪರೀಕ್ಷಿಸಿದೆವು. ಮಂದದಲ್ಲಿ ಸಂಶಯ, ಮಧ್ಯಮದಲ್ಲಿ ಗಿಡಕ್ಕೆ ನೀರು ಬಿಡುವ ಪೈಪು, ತೀವ್ರದಲ್ಲಿ ನಮ್ಮ ಕಣ್ಣೇ ಕೋರೈಸಿ ಹಗ್ಗವೂ ಇಲ್ಲ, ಹಾವೂ ಇಲ್ಲ, ಶುದ್ಧ ಅದ್ವೈತ. ನಾಲ್ಕನೆಯದು ತುರೀಯ, ಪಟಪಟ ಮಿಣುಕುವ ಸ್ಟ್ರೋಬ್. ಕಳ್ಳನ ಕಣ್ಣು ಕಟ್ಟಲು ಅಂತೆ. ಇದುವರೆಗೆ ಮೊಮ್ಮಕ್ಕಳ ಡಿಸ್ಕೋಗೆ ಬಿಟ್ಟು ಬೇರಾವುದಕ್ಕೂ ಬಳಕೆಯಾಗಿಲ್ಲ. ಐದನೆಯದು ಎಸ್‌ಒಎಸ್: ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ತಾರಸಿಯಿಂದ ಅದನ್ನು ಬಿಟ್ಟಾಗ ಎದುರು ಮನೆಯವರು "ಸಾರ್, ಲೂಸ್ ಕನೆಕ್ಷನ್ ಇರಬೇಕು, ಅಂಗೈಗೆ ಎರಡು ಬಡಿದು ನೋಡಿ" ಎಂದು ಕೂಗಿದರು.

ದೋಷಗಳನ್ನೂ ಹೇಳಬೇಕಲ್ಲ. ಇಷ್ಟು ಚಿಕ್ಕ ಟಾರ್ಚು ಕತ್ತಲಲ್ಲಿ ಕಳೆದರೆ ಹುಡುಕಲು ಅದೇ ಟಾರ್ಚು ಬೇಕು; ಇದು ಆತ್ಮಾಶ್ರಯ. ಸೆಲ್ಲು ಹಾಕಲು ಬೆಳಕು ಬೇಕು, ಬೆಳಕಿಗೆ ಸೆಲ್ಲು ಬೇಕು, ಇದು ಅನ್ಯೋನ್ಯಾಶ್ರಯ. ಟಾರ್ಚಿಗೆ ಸೆಲ್ಲು, ಸೆಲ್ಲಿಗೆ ಗಡಿಯಾರ, ಗಡಿಯಾರ ಎಟುಕಲು ಸ್ಟೂಲು, ಸ್ಟೂಲು ಹುಡುಕಲು ಟಾರ್ಚು, ಇದು ಚಕ್ರಕ. ನೈಯಾಯಿಕರು ಈ ಮೂರನ್ನೂ ಮೊದಲೇ ಎಣಿಸಿಟ್ಟಿದ್ದಾರೆ. ಮೊಳೆಗೆ ತೂಗುಹಾಕುವ ದಾರವನ್ನು ಮಾತ್ರ ಅವರು ಹೇಳಲಿಲ್ಲ, ಅದನ್ನು ಕಂಪನಿಯವರು ಡಬ್ಬಿಯಲ್ಲಿ ಇಟ್ಟಿದ್ದಾರೆ.

ನಿರ್ಣಯ: ಕೊಳ್ಳಬಹುದು. ರೀಚಾರ್ಜ್ ಆಗುವ 1.2 ವೋಲ್ಟಿನ ಸೆಲ್ಲು ಹಾಕಿದರೆ ಗಡಿಯಾರಕ್ಕೂ ಸಂಸಾರಕ್ಕೂ ಒಳ್ಳೆಯದು. ಅದೇ ಗಾತ್ರದ, 3.7 ವೋಲ್ಟಿನ 14500 ಎಂಬ ಲಿಥಿಯಂ ಸೆಲ್ಲನ್ನು ಚೀಟಿಯಲ್ಲಿ ಅನುಮತಿ ಇದ್ದರೆ ಮಾತ್ರ ಹಾಕಿ; ಗಡಿಯಾರಕ್ಕಂತೂ ಬೇಡವೇ ಬೇಡ. ಆಲ್ಕಲೈನ್ ಸೆಲ್ಲನ್ನು ತಿಂಗಳುಗಟ್ಟಲೆ ಒಳಗೇ ಮರೆತರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಬಿಳಿ ಪುಡಿಗಟ್ಟಿ, ಕೊಳವೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಭಾಷ್ಯಕಾರನಿಂದಲೂ ಅದನ್ನು ಬಿಡಿಸಲಾಗದು. ಬಳಸದ ದಿನಗಳಲ್ಲಿ ದಯವಿಟ್ಟು ಸೆಲ್ಲು ತೆಗೆದು ಬೇರೆ ಇಡಿ.